ಗಂಧವೂ ಗೋತ್ರವೂ

ಆಲಮೇಲದ ಎರೆಭೂಮಿಯಲ್ಲಿ ಸ್ಕಂಕ್ ಎಂಬ ಪ್ರಾಣಿಯಿಲ್ಲ. ಊರಿನ ಉತ್ತರಕ್ಕಿರುವ ಭೀಮೆಯ ದಂಡೆಯಲ್ಲಾಗಲಿ, ದಕ್ಷಿಣದ ಡೋಣಿಯ ಬಯಲಿನಲ್ಲಾಗಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಮಡ್ಡಿಗಳಲ್ಲಾಗಲಿ ಅದನ್ನು ಕಂಡವರಿಲ್ಲ. ಅಷ್ಟೇಕೆ, ಹಿಮಾಲಯದಿಂದ ಕನ್ಯಾಕುಮಾರಿಯವರೆಗೆ ಎಲ್ಲಿ ಹುಡುಕಿದರೂ ಅದು ದೊರೆಯದು. ಕೆನಡದಿಂದ ಹಿಡಿದು ದಕ್ಷಿಣ ಅಮೆರಿಕದ ಕೊಟ್ಟಕೊನೆಯ ಪಟಗೋನಿಯದವರೆಗೆ ಹಬ್ಬಿರುವ, ಕರಿಯ ಮೈಮೇಲೆ ಬಿಳಿಯ ಪಟ್ಟೆಗಳನ್ನು ಧರಿಸಿದ, ಬಾಲವೆತ್ತಿ ದುರ್ಗಂಧದ ದ್ರವವನ್ನು ಸಿಡಿಸಿ ತೋಳಗಳನ್ನೂ ಹಿಮ್ಮೆಟ್ಟಿಸುವ ಆ ಪುಟ್ಟ ಪ್ರಾಣಿಗೆ ಈ ಪುಸ್ತಕದಲ್ಲಿ ಒಂದು ಅಧ್ಯಾಯವನ್ನು ಮೀಸಲಿಡುವುದೇಕೆಂದು ಓದುಗರು ಕೇಳಬಹುದು. ಎರಡು ಶತಮಾನಗಳಿಗೂ ಮಿಕ್ಕ ಕಾಲ ಪಂಡಿತರು ಆ ಪ್ರಾಣಿಯ ದಾಯಾದಿಗಳೆಂದು ಯಾವುವನ್ನು ಬೆರಳಿಟ್ಟು ತೋರಿಸುತ್ತಿದ್ದರೋ ಅವು ನಮ್ಮ ಬಿಳಿಜೋಳದ ಹೊಲದ ಬದುಗಳಲ್ಲಿಯೂ, ಕಬ್ಬಿನ ಪಡಗಳಲ್ಲಿಯೂ, ಹಳ್ಳದ ಜಾಲಿಯ ಪೊದೆಗಳಲ್ಲಿಯೂ ವಾಸಿಸುತ್ತಿರುವ ಜೀವಿಗಳೇ ಆಗಿವೆ. ಸ್ಕಂಕಿನ ವಂಶವನ್ನು ನಿರ್ಣಯಿಸಹೊರಟವನು ಪುನುಗಿನ ಬೆಕ್ಕು, ಮುಂಗುಸಿ, ತರಕರಡಿಗಳ ವಂಶವನ್ನೂ ನಿರ್ಣಯಿಸದೆ ಮುಂದಕ್ಕೆ ಹೋಗಲಾರನು.

೧೭೫೮ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸನು ತನ್ನ ‘ಸಿಸ್ಟಮಾ ನಾಚುರೆ’ ಎಂಬ ಮಹಾಗ್ರಂಥದ ಹತ್ತನೆಯ ಆವೃತ್ತಿಯನ್ನು ಹೊರತಂದಾಗ, ಪ್ರಾಣಿಗಳಿಗೆ ಎರಡು ಪದಗಳ ಹೆಸರನ್ನಿಡುವ ಪದ್ಧತಿ ಶಾಸ್ತ್ರದಲ್ಲಿ ನೆಲೆಯೂರಿತು. ಅದರಲ್ಲಿ ‘ವೈವೆರ್ರ’ ಎಂಬುದೊಂದು ಜಾತಿ. ಏಷ್ಯದ ದೊಡ್ಡ ಪುನುಗಿನ ಬೆಕ್ಕು ಅದರಲ್ಲಿತ್ತು. ಈಜಿಪ್ಟಿನ ಮುಂಗುಸಿಯೂ ಅದರಲ್ಲಿಯೇ ಇತ್ತು. ಇವುಗಳ ಜೊತೆಗೆ, ಅಮೆರಿಕದ ಕೆರೊಲಿನ ಪ್ರಾಂತದಲ್ಲಿ ಸಂಚರಿಸಿದ್ದ ಮಾರ್ಕ್ ಕೇಟ್ಸ್‌ಬಿ ಎಂಬ ನಿಸರ್ಗಶಾಸ್ತ್ರಜ್ಞನು ಬರೆದಿಟ್ಟ ಚಿತ್ರವನ್ನೂ ವರ್ಣನೆಯನ್ನೂ ಆಧಾರವಾಗಿಟ್ಟುಕೊಂಡು, ಚುಕ್ಕೆಯ ಸ್ಕಂಕನ್ನೂ ‘ವೈವೆರ್ರ ಪುಟೋರಿಯಸ್’ ಎಂದು ಹೆಸರಿಸಿ ಲಿನೇಯಸನು ಅಲ್ಲಿಯೇ ಕೂರಿಸಿದನು. ಹದಿನೆಂಟು ವರ್ಷಗಳ ಮೇಲೆ, ೧೭೭೬ರಲ್ಲಿ, ಜರ್ಮನಿಯ ಶ್ರೇಬರನು ಪಟ್ಟೆಯ ಸ್ಕಂಕಿಗೆ ‘ವೈವೆರ್ರ ಮೆಫೈಟಿಸ್’ ಎಂದೂ, ಆಫ್ರಿಕದ ದಕ್ಷಿಣದ ತುದಿಯಿಂದ ವರದಿಯಾಗಿದ್ದ ತರಕರಡಿಗೆ ‘ವೈವೆರ್ರ ಕೇಪೆನ್ಸಿಸ್’ ಎಂದೂ ನಾಮಕರಣ ಮಾಡಿದನು. ನಮ್ಮ ಬಯಲುಸೀಮೆಯಲ್ಲಿ ಇರುವ ತರಕರಡಿಯೂ ಅದೇ ಪ್ರಭೇದಕ್ಕೆ ಸೇರಿದುದು. ಹೀಗೆ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪುನುಗು, ಮುಂಗುಸಿ, ತರಕರಡಿ, ಸ್ಕಂಕು ಇವೆಲ್ಲವೂ ಶಾಸ್ತ್ರಸಮ್ಮತವಾಗಿ ಒಂದೇ ಜಾತಿಯವಾಗಿದ್ದುವು.

ಇದನ್ನು ಕಂಡು ನಗುವುದು ಸುಲಭ. ಆದರೆ ನಗುವುದು ನ್ಯಾಯವಲ್ಲ. ನೀಳವಾದ ಒಡಲು, ಗಿಡ್ಡ ಕಾಲು, ಚೂಪಾದ ಮೂತಿ, ಗುದದ ಸಮೀಪದಲ್ಲಿ ವಾಸನೆಯ ದ್ರವವನ್ನು ಸ್ರವಿಸುವ ಗ್ರಂಥಿ, ಇಷ್ಟು ಲಕ್ಷಣಗಳು ಒಟ್ಟಿಗೆ ಕಾಣಿಸಿಕೊಂಡಾಗ ಅವುಗಳನ್ನು ಬಾಂಧವ್ಯದ ಗುರುತುಗಳೆಂದು ಭಾವಿಸದೆ ಇರಲು ಆ ಕಾಲದವರಿಗೆ ಯಾವ ಕಾರಣವೂ ಇರಲಿಲ್ಲ. ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾದಗಳು ಆಗ ನಡೆದುಹೋದುವು. ನಮ್ಮ ಕತ್ತೆಕಿರುಬವನ್ನು ಲಿನೇಯಸನೇ ನಾಯಿಯ ಜಾತಿಗೆ ಸೇರಿಸಿ ‘ಕ್ಯಾನಿಸ್ ಹಯೇನ’ ಎಂದು ಕರೆದಿದ್ದನು. ಇಂದು ನಮಗೆ ತಿಳಿದಿರುವಂತೆ ಅದು ನಾಯಿಗಿಂತ ಮುಂಗುಸಿಗೇ ಹತ್ತಿರದ ನಂಟ. ೧೭೯೧ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬಾತನು ನಮ್ಮ ಕರಡಿಯ ಉದ್ದನೆಯ ಉಗುರುಗಳನ್ನೂ, ಮೇಲ್ದವಡೆಯ ನಡುವೆ ಬಾಚಿಹಲ್ಲುಗಳಿಲ್ಲದ ಖಾಲಿ ಜಾಗವನ್ನೂ ನೋಡಿ, ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ಜೋತುಬಿದ್ದಿರುವ ಸ್ಲಾತ್ ಎಂಬ ಮಂದಗಾಮಿಯ ಜಾತಿಗೆ ಅದನ್ನು ಸೇರಿಸಿ, ‘ಬ್ರಾಡಿಪಸ್ ಅರ್ಸಿನಸ್’ ಎಂದು ಬರೆದನು. ದರೋಜಿಯ ಬಂಡೆಗಳ ನಡುವೆ ಸಂಜೆಯ ಹೊತ್ತು ಮರಿಯನ್ನು ಬೆನ್ನಮೇಲೆ ಹೊತ್ತು ಇಳಿದುಬರುವ ಕರಡಿಯನ್ನು ನೋಡಿದವರಿಗೆ ಆ ಹೆಸರು ವಿಚಿತ್ರವೆನಿಸೀತು. ಉಗುರನ್ನೂ ಹಲ್ಲನ್ನೂ ಮಾತ್ರ ನೆಚ್ಚಿದ ವಿದ್ವಾಂಸನಿಗೆ ಅದು ವಿಚಿತ್ರವೆನಿಸಲಿಲ್ಲ.

ಆದುದರಿಂದ ಕೇಳಬೇಕಾದ ಪ್ರಶ್ನೆ, ಯಾವ ಲಕ್ಷಣವನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು. ಸ್ಕಂಕಿನ ವಿಷಯದಲ್ಲಿ ಮೊದಲು ವಿಚಾರಣೆಗೆ ಬರಬೇಕಾದುದು ಅದರ ಖ್ಯಾತಿಗೆ ಕಾರಣವಾದ ನಾತವೇ.

ಸ್ಕಂಕಿನ ಗುದದ ಇಕ್ಕೆಲಗಳಲ್ಲಿ ಎರಡು ಗ್ರಂಥಿಗಳಿವೆ. ಒಂದೊಂದರ ಸುತ್ತಲೂ ದಪ್ಪನಾದ ಸ್ನಾಯುವಿನ ಹೊದಿಕೆ. ಒಂದೊಂದರಿಂದಲೂ ಒಂದೊಂದು ಮೊಲೆತೊಟ್ಟಿನಂತಹ ನಳಿಕೆ. ಕೆಣಕಿದ ವೈರಿಯ ಮುಖಕ್ಕೆ ಸರಿಯಾಗಿ ಗುರಿಯಿಟ್ಟು ಮೂರು ಮೀಟರು ದೂರ ಸಿಡಿಸುವ ಶಕ್ತಿ ಅದಕ್ಕುಂಟು. ಆ ದ್ರವದಲ್ಲಿರುವವು ಬಹುಮಟ್ಟಿಗೆ ಥಯೋಲ್ ಎಂಬ ಗಂಧಕದ ಸಂಯುಕ್ತಗಳೆಂದು ೧೯೭೫ರಲ್ಲಿ ಆಂಡರ್ಸನ್ ಮತ್ತು ಬರ್ನ್‌ಸ್ಟೀನ್ ಎಂಬ ರಸಾಯನಶಾಸ್ತ್ರಜ್ಞರು ತೋರಿಸಿದರು. ೧೯೯೦ರಲ್ಲಿ ವಿಲಿಯಂ ವುಡ್ ಎಂಬಾತನು ಅದರಲ್ಲಿ ಥಯೋಅಸಿಟೇಟುಗಳೂ ಇವೆಯೆಂದು ಸ್ಪಷ್ಟಪಡಿಸಿದನು. ಈ ಎರಡನೆಯ ವರ್ಗದವು ತಮ್ಮಷ್ಟಕ್ಕೆ ಅಷ್ಟು ಘಾಟಿನವಲ್ಲವಾದರೂ ನೀರು ತಗುಲಿದೊಡನೆ ನಿಧಾನವಾಗಿ ಒಡೆದು ಥಯೋಲುಗಳಾಗುತ್ತವೆ. ಅಮೆರಿಕದಲ್ಲಿ ಸ್ಕಂಕಿನ ಪ್ರಹಾರಕ್ಕೆ ಸಿಕ್ಕಿದ ಸಾಕುನಾಯಿ, ವಾರಗಳು ಕಳೆದು ಮನೆಯವರು ಆ ಸಂಗತಿಯನ್ನೇ ಮರೆತ ಮೇಲೆ, ಒಂದು ದಿನ ಮಳೆಯಲ್ಲಿ ನೆನೆದು ಬಂದು ಮತ್ತೆ ನಾರತೊಡಗುವುದು ಈ ಕಾರಣದಿಂದ.

ಇನ್ನು ಪುನುಗಿನ ಬೆಕ್ಕು. ಆಲಮೇಲದ ಸುತ್ತಿನ ಹೊಲಗಳಲ್ಲಿ ರಾತ್ರಿ ಇಲಿ, ಕೀಟ, ಬಿದ್ದ ಹಣ್ಣುಗಳನ್ನು ಹುಡುಕುತ್ತ ಅಲೆಯುವ, ಬೂದುಕಂದು ಮೈಯ, ಬೆನ್ನಮೇಲೆ ಕಪ್ಪುಗೆರೆಗಳೂ ಬಾಲಕ್ಕೆ ಉಂಗುರಗಳೂ ಇರುವ ಈ ಪ್ರಾಣಿಯನ್ನು ಹಗಲು ನೋಡುವವರು ವಿರಳ. ಇದರಲ್ಲಿ ಗುದಗ್ರಂಥಿಗಳಲ್ಲದೆ, ಗುದಕ್ಕೂ ಜನನಾಂಗಕ್ಕೂ ನಡುವೆ ಬೇರೊಂದು ಗ್ರಂಥಿಯಿದೆ. ಪುನುಗು ಹುಟ್ಟುವುದು ಅಲ್ಲಿ. ಕಸ್ತೂರಿ, ಕರ್ಪೂರ, ಅಂಬರಗಳ ಸಾಲಿನಲ್ಲಿ ನಿಲ್ಲುತ್ತಿದ್ದ ಈ ದ್ರವ್ಯಕ್ಕೆ ಅರಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಇದ್ದ ಮರ್ಯಾದೆಯನ್ನು ವಿಜಾಪುರದ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಸುಗಂಧಗಳ ವಿಷಯವಾಗಿಯೇ ‘ಇತ್ರ್-ಎ-ನವರಸ್‌ಶಾಹಿ’ ಎಂಬ ಪಾರಸಿ ಗ್ರಂಥವೊಂದು ರಚಿತವಾಯಿತು. ತಿರುಮಲೆಯ ವೆಂಕಟೇಶ್ವರನಿಗೆ ಶುಕ್ರವಾರದ ಅಭಿಷೇಕವಾದ ಮೇಲೆ ಪುನುಗಿನ ತೈಲವನ್ನು ಲೇಪಿಸುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಪುನುಗಿನ ಗಂಧಕ್ಕೆ ಮೂಲವಾದ ಸಿವೆಟೋನ್ ಎಂಬ ವಸ್ತುವಿನ ರಚನೆಯನ್ನು ೧೯೨೬ರಲ್ಲಿ ಲಿಯೋಪೋಲ್ಡ್ ರುಜಿಚ್ಕಾ ಕಂಡುಹಿಡಿದನು. ಹದಿನೇಳು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಒಂದು ಉಂಗುರ ಅದು. ಅಷ್ಟು ದೊಡ್ಡ ಉಂಗುರ ಸ್ಥಿರವಾಗಿ ನಿಲ್ಲಲಾರದೆಂದು ಅದುವರೆಗೆ ರಸಾಯನಜ್ಞರು ಎಣಿಸಿದ್ದರು. ರುಜಿಚ್ಕಾನಿಗೆ ೧೯೩೯ರ ನೊಬೆಲ್ ಪಾರಿತೋಷಕ ಬಂದುದರಲ್ಲಿ ನಮ್ಮ ಪುನುಗಿನ ಬೆಕ್ಕಿನ ಬಳಗದ್ದೂ ಒಂದು ಪಾಲುಂಟು. ಸಿವೆಟೋನಿನಲ್ಲಿ ಗಂಧಕದ ಲವಲೇಶವೂ ಇಲ್ಲ. ಸ್ಕಂಕಿನ ದ್ರವಕ್ಕೂ ಪುನುಗಿಗೂ ರಾಸಾಯನಿಕವಾಗಿ ಸಂಬಂಧವಿಲ್ಲ, ಹುಟ್ಟುವ ಗ್ರಂಥಿಯೂ ಒಂದಲ್ಲ, ಪ್ರಯೋಜನವೂ ಒಂದಲ್ಲ: ಒಂದು ಶತ್ರುವನ್ನು ಓಡಿಸುವುದಕ್ಕೆ, ಇನ್ನೊಂದು ತನ್ನವರಿಗೆ ತಾನು ಬಂದುಹೋದ ಸುದ್ದಿಯನ್ನು ಕಲ್ಲು ಮರಗಳ ಮೇಲೆ ಬರೆದಿಡುವುದಕ್ಕೆ.

ಹಾಗಾದರೆ ಗುದಗ್ರಂಥಿಗಳಾದರೂ ಸಮಾನವಲ್ಲವೆ? ಸಮಾನವೇ, ತೊಡಕಿರುವುದೂ ಅಲ್ಲಿಯೇ. ಮನೆಯ ನಾಯಿಗೂ ಆ ಗ್ರಂಥಿಗಳುಂಟು, ಬೆಕ್ಕಿಗೂ ಉಂಟು, ಮುಂಗುಸಿಯಲ್ಲಿ ಗುದದ್ವಾರವೇ ಒಂದು ಗ್ರಂಥಿಮಯವಾದ ಚೀಲದೊಳಕ್ಕೆ ತೆರೆದುಕೊಳ್ಳುತ್ತದೆ, ತರಕರಡಿಯು ಕೆರಳಿದಾಗ ತನ್ನ ಗುದದ ಚೀಲವನ್ನು ಒಳಹೊರಗಾಗಿ ತಿರುವಿ ಉಸಿರುಕಟ್ಟಿಸುವ ನಾತವನ್ನು ಹೊರಗೆಡಹುತ್ತದೆ. ಇಡೀ ಮಾಂಸಾಹಾರಿ ಗಣಕ್ಕೆ ಪೂರ್ವಜರಿಂದ ಬಂದ ಈ ಲಕ್ಷಣ, ಗಣದೊಳಗೆ ಯಾರಿಗೆ ಯಾರು ಹತ್ತಿರದವರೆಂಬುದನ್ನು ಹೇಗೆ ತಾನೆ ಹೇಳೀತು? ಎಲ್ಲರಲ್ಲಿಯೂ ಇರುವ ಪ್ರಾಚೀನ ಲಕ್ಷಣದಿಂದ ಸಮೀಪದ ಬಾಂಧವ್ಯ ಸಿದ್ಧವಾಗದೆಂದೂ, ಕೆಲವರಲ್ಲಿ ಮಾತ್ರ ಹೊಸದಾಗಿ ತಲೆದೋರಿ ಅವರ ಸಂತತಿಗೆ ಇಳಿದುಬಂದ ಲಕ್ಷಣವೊಂದೇ ಅದಕ್ಕೆ ಪ್ರಮಾಣವೆಂದೂ ಜರ್ಮನಿಯ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್ ೧೯೫೦ರಲ್ಲಿ ತರ್ಕಬದ್ಧವಾಗಿ ಪ್ರತಿಪಾದಿಸಿದನು. ಹೇಳಿದಮೇಲೆ ಎಲ್ಲರಿಗೂ ಸರಳವೆನಿಸುವ ಈ ಮಾತನ್ನು ಹೇಳುವುದಕ್ಕೆ ಲಿನೇಯಸನಿಂದೀಚೆಗೆ ಸುಮಾರು ಇನ್ನೂರು ವರ್ಷ ಬೇಕಾಯಿತು.

ಆದರೆ ಹೆನ್ನಿಗನಿಗಿಂತ ಎಷ್ಟೋ ಮುಂಚೆ, ಕೈಯಲ್ಲಿ ತಲೆಬುರುಡೆಗಳನ್ನು ಹಿಡಿದು ತಿರುಗಿಸಿ ನೋಡುತ್ತಿದ್ದವರಿಗೆ ಒಂದು ಸುಳಿವು ಸಿಕ್ಕಿತ್ತು. ಹೊಲದ ಬದುವಿನಲ್ಲಿ ಬಿಸಿಲಿಗೆ ಬೆಳ್ಳಗಾದ ಮುಂಗುಸಿಯ ಬುರುಡೆ ಸಿಕ್ಕಿದರೆ ಓದುಗರು ಅದನ್ನು ಬೋರಲಾಗಿ ಹಿಡಿದು ನೋಡಬೇಕು. ಕೆಳದವಡೆ ಕೀಲುಗೊಳ್ಳುವ ಜಾಗದ ಹಿಂದೆ, ಎಡಕ್ಕೊಂದು ಬಲಕ್ಕೊಂದು, ತೆಳುವಾದ ಎಲುಬಿನ ಎರಡು ಉಬ್ಬುಗಳು ಕಾಣುತ್ತವೆ. ಮಧ್ಯಕರ್ಣದ ಅಡಿಗೆ ಕವಚವಾಗಿರುವ ಗುಳ್ಳೆಗಳು ಅವು. ಮುಂಗುಸಿಯಲ್ಲಿ ಪ್ರತಿಯೊಂದು ಗುಳ್ಳೆಯೂ ಎರಡು ಕಾಳಿನ ಶೇಂಗಾಕಾಯಿಯಂತೆ ನಡುವೆ ಅಮುಕಿದ ಹಾಗಿದ್ದು, ಮುಂದೊಂದು ಕೋಣೆ, ಹಿಂದೊಂದು ಕೋಣೆ ಎಂದು ಹೊರಗಿನಿಂದಲೇ ಗುರುತಿಸುವಂತಿರುತ್ತದೆ. ಬೆಕ್ಕಿನ ಬುರುಡೆಯಲ್ಲಿ ಹೊರಗೆ ಅಮುಕು ಕಾಣದಿದ್ದರೂ ಗುಳ್ಳೆಯನ್ನು ಒಡೆದರೆ ಒಳಗೆ ತೆಳುವಾದ ಎಲುಬಿನ ಅಡ್ಡಗೋಡೆಯೊಂದು ನಿಂತಿರುತ್ತದೆ. ನಾಯಿ, ಕರಡಿ, ನೀರುನಾಯಿಗಳ ಗುಳ್ಳೆಯಲ್ಲಿ ಅಂತಹ ಪೂರ್ಣವಾದ ಗೋಡೆಯಿಲ್ಲ. ತಿನ್ನುವುದಕ್ಕಾಗಲಿ ಓಡುವುದಕ್ಕಾಗಲಿ ಅಗೆಯುವುದಕ್ಕಾಗಲಿ ಒದಗದ, ಜೀವನಕ್ರಮ ಬದಲಾದರೂ ತಾನು ಅಷ್ಟು ಬೇಗ ಬದಲಾಗದ ಈ ಮೂಲೆಯ ಎಲುಬಿನಲ್ಲಿ ವಂಶದ ಗುರುತು ಉಳಿದುಕೊಂಡಿತ್ತು. ಲಂಡನ್ನಿನ ವಿಲಿಯಂ ಹೆನ್ರಿ ಫ್ಲವರ್ ೧೮೬೯ರಲ್ಲಿ ಕಪಾಲದ ತಳಭಾಗವನ್ನೇ ಮುಖ್ಯ ಪ್ರಮಾಣವಾಗಿಟ್ಟುಕೊಂಡು ಮಾಂಸಾಹಾರಿ ಗಣವನ್ನು ವಿಂಗಡಿಸಿದನು. ಅದರ ಪ್ರಕಾರ ಪುನುಗು, ಮುಂಗುಸಿ, ಕತ್ತೆಕಿರುಬಗಳು ಬೆಕ್ಕಿನ ಕಡೆಗೆ ಹೋದುವು. ಸ್ಕಂಕು, ತರಕರಡಿ, ನೀರುನಾಯಿಗಳು ಕರಡಿಯ ಕಡೆಗೆ ಬಂದುವು. ನೂರು ವರ್ಷಗಳ ಹಿಂದೆ ಒಂದೇ ಜಾತಿಯಲ್ಲಿದ್ದವು ಈಗ ಗಣದ ಎರಡು ದೂರದ ಶಾಖೆಗಳಲ್ಲಿ ನಿಂತುವು. ಲಿನೇಯಸನು ವೈವೆರ್ರದಲ್ಲಿ ಕೂರಿಸಿದ್ದ ಈ ಪ್ರಾಣಿಗಳ ಪೈಕಿ ಇಂದು ಆ ಜಾತಿನಾಮವನ್ನು ಉಳಿಸಿಕೊಂಡಿರುವುದು ಏಷ್ಯದ ದೊಡ್ಡ ಪುನುಗಿನ ಬೆಕ್ಕೊಂದೇ.

ನಮ್ಮ ನಾಡಿನ ಬುರುಡೆಗಳೂ ಈ ವಿಚಾರಣೆಯಲ್ಲಿ ಸಾಕ್ಷಿ ನುಡಿದಿವೆ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ೧೮೩೯ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ‘ದಕ್ಷಿಣ ಮಹಾರಾಷ್ಟ್ರ ಸೀಮೆ’ಯ ಸಸ್ತನಿಗಳ ಪಟ್ಟಿಯನ್ನು ಸ್ಥಳೀಯ ಹೆಸರುಗಳ ಸಹಿತ ಪ್ರಕಟಿಸಿದನು, ೧೯೧೧ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಆರಂಭಿಸಿದ ಸಸ್ತನಿ ಸಮೀಕ್ಷೆಯ ಮೊದಲ ದಿನಗಳಲ್ಲಿಯೇ ಶಾರ್ಟ್ರಿಜ್ ಎಂಬ ಸಂಗ್ರಾಹಕನು ಧಾರವಾಡದ ಸೀಮೆಯಲ್ಲಿ ಕೆಲಸಮಾಡಿದನು. ಆ ಸಮೀಕ್ಷೆಯ ಸಂಗ್ರಹಗಳನ್ನು ಲಂಡನ್ನಿನಲ್ಲಿ ಕುಳಿತು ಪರಿಶೀಲಿಸಿದವರಲ್ಲಿ ರೆಜಿನಾಲ್ಡ್ ಪೋಕಾಕ್ ಒಬ್ಬನು. ಪ್ರಾಣಿಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದು, ಸತ್ತ ಪ್ರಾಣಿಗಳ ಅಂಗಾಲು, ಮೂಗಿನ ತುದಿ, ಕಿವಿಯ ಮಡಿಕೆ, ಗುದದ ಗ್ರಂಥಿಗಳನ್ನು ಕುಶಲ ಕೈಯಿಂದ ಚಿತ್ರಿಸಿಟ್ಟ ಈತನು, ಮುಂಗುಸಿಯನ್ನು ಪುನುಗಿನ ಕುಟುಂಬದಲ್ಲಿಯೂ ಇರಗೊಡದೆ ಬೇರೆಯೇ ಕುಟುಂಬವೆಂದು ವಾದಿಸಿದನು. ಆ ವಾದ ಇಂದು ಸರ್ವಸಮ್ಮತವಾಗಿದೆ. ಹೊಲಸೆಂದು ಇತರರು ಮುಖ ತಿರುಗಿಸುವಲ್ಲಿ ಕಣ್ಣಿಟ್ಟು ನೋಡುವ ಸ್ವಭಾವಕ್ಕೆ ಶಾಸ್ತ್ರ ಅನೇಕ ಸಲ ಋಣಿಯಾಗಿದೆ.

ಕರಡಿಯ ಕಡೆಗೆ ಬಂದ ಸ್ಕಂಕಿಗೆ ಅಲ್ಲಿ ಸಿಕ್ಕಿದ ನೆಲೆ ಮಸ್ಟೆಲಿಡೆ ಎಂಬ ಕುಟುಂಬ. ನೀರುನಾಯಿ, ವೀಸಲ್, ಮಾರ್ಟಿನ್, ಬ್ಯಾಜರ್, ತರಕರಡಿಗಳಿರುವ ಕುಟುಂಬವಿದು. ಸೇರಿಸಲು ಕಾರಣಗಳಿಲ್ಲದೆ ಇರಲಿಲ್ಲ. ನಾಯಿಗೆ ನಲವತ್ತೆರಡು ಹಲ್ಲು, ಮುಂಗುಸಿಗೆ ನಲವತ್ತು; ಪಟ್ಟೆಯ ಸ್ಕಂಕಿಗೆ ಮೂವತ್ತನಾಲ್ಕೇ, ತರಕರಡಿಗೆ ಮೂವತ್ತೆರಡೇ. ನಾಯಿಯ ಮೇಲ್ದವಡೆಯ ಒಂದೊಂದು ಪಕ್ಕದಲ್ಲಿ ಎರಡು ಹಿಂದವಡೆ ಹಲ್ಲುಗಳಿದ್ದರೆ ಇವುಗಳಲ್ಲಿ ಒಂದೊಂದೇ. ೧೯೪೫ರಲ್ಲಿ ಅಮೆರಿಕದ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಸಸ್ತನಿಗಳ ಸಮಗ್ರ ವರ್ಗೀಕರಣವನ್ನು ರಚಿಸಿದಾಗ ಆ ಕುಟುಂಬದಲ್ಲಿ ಐದು ಉಪಕುಟುಂಬಗಳನ್ನು ಮಾಡಿ, ಸ್ಕಂಕುಗಳಿಗೆ ಒಂದನ್ನೂ, ತರಕರಡಿಗೆ ಒಂದನ್ನೂ, ಬ್ಯಾಜರುಗಳಿಗೆ ಮತ್ತೊಂದನ್ನೂ ಕೊಟ್ಟನು. ಬಹುಕಾಲ ಪಠ್ಯಪುಸ್ತಕಗಳು ಅದನ್ನೇ ಪುನರುಚ್ಚರಿಸಿದುವು.

ಈ ವ್ಯವಸ್ಥೆಯನ್ನು ಅಲುಗಿಸಿದುದು ಅಮೆರಿಕದ ಪ್ರಾಣಿಯಲ್ಲ, ಜಾವಾದ್ದು. ಜಾವಾ, ಸುಮಾತ್ರ, ಬೋರ್ನಿಯೊ ದ್ವೀಪಗಳಲ್ಲಿ ಕಂದುಗಪ್ಪಿನ ಮೈಯ, ನೆತ್ತಿಯಿಂದ ಬೆನ್ನಗುಂಟ ಬಿಳಿಯ ಪಟ್ಟೆಯಿರುವ, ಗಿಡ್ಡ ಬಾಲದ, ಹಂದಿಯಂತಹ ಮೂತಿಯಿಂದ ನೆಲವನ್ನು ಕೆದಕಿ ಎರೆಹುಳುಗಳನ್ನು ತಿನ್ನುವ ಪ್ರಾಣಿಯೊಂದಿದೆ. ಕೆಣಕಿದರೆ ಅದೂ ದುರ್ಗಂಧವನ್ನು ಸಿಡಿಸುತ್ತದೆ. ೧೮೨೦ರಲ್ಲಿ ಫ್ರಾನ್ಸಿನ ದೆಮಾರೆ ಅದನ್ನು ಸ್ಕಂಕಿನ ಜಾತಿಗೇ ಸೇರಿಸಿ ‘ಮೆಫೈಟಿಸ್ ಜಾವನೆನ್ಸಿಸ್’ ಎಂದು ಕರೆದನು. ಮರುವರ್ಷವೇ ಫ್ರೆಡರಿಕ್ ಕ್ಯುವ್ಯೇ ಅದಕ್ಕೆ ‘ಮೈಡಾಸ್’ ಎಂಬ ಪ್ರತ್ಯೇಕ ಜಾತಿಯನ್ನು ಕಲ್ಪಿಸಿದನು; ಅಗೆಯುವ ಉಗುರು, ಉದ್ದನೆಯ ಮೂತಿ, ಎಲ್ಲಕ್ಕಿಂತ ಹೆಚ್ಚಾಗಿ ಏಷ್ಯದ ವಾಸ ಇವುಗಳನ್ನು ನೋಡಿ ಅನಂತರದವರು ಅದನ್ನು ಬ್ಯಾಜರುಗಳ ಗುಂಪಿಗೆ ದೂಡಿದರು. ಸಿಂಪ್ಸನ್ನನ ಪಟ್ಟಿಯಲ್ಲಿಯೂ ಅದು ಅಲ್ಲಿಯೇ ಇತ್ತು. ಸಾವಿರಾರು ಮೈಲಿಗಳ ಮಹಾಸಾಗರದ ಆಚೆಗಿರುವ ಸ್ಕಂಕಿಗೂ ಜಾವಾದ ಕಾಡಿನ ಪ್ರಾಣಿಗೂ ನಂಟಿರಬಹುದೆಂದು ಹೇಳುವುದಕ್ಕೆ ಯಾರೂ ಸುಲಭವಾಗಿ ಮುಂದಾಗಲಿಲ್ಲ.

೧೯೬೮ರಲ್ಲಿ ಡೋರಿಸ್ ವರ್ಸ್ಟರ್ ಮತ್ತು ಕುರ್ಟ್ ಬೆನಿರ್ಷ್ಕೆ ಎಂಬಿ‌ಬ್ಬರು ಮಾಂಸಾಹಾರಿಗಳ ಜೀವಕೋಶಗಳಲ್ಲಿರುವ ವರ್ಣತಂತುಗಳನ್ನು ಹೋಲಿಸಿ ನೋಡಿದಾಗ ಸ್ಕಂಕುಗಳು ಮಸ್ಟೆಲಿಡೆಯ ಉಳಿದವರೊಡನೆ ಹೊಂದಿಬರಲಿಲ್ಲ: ಪಟ್ಟೆಯ ಸ್ಕಂಕಿಗೆ ಐವತ್ತು, ಚುಕ್ಕೆಯದಕ್ಕೆ ಅರವತ್ತನಾಲ್ಕು, ನೀರುನಾಯಿಗಳಲ್ಲಿ ಸಾಮಾನ್ಯವಾಗಿ ಮೂವತ್ತೆಂಟು. ಆದರೆ ವರ್ಣತಂತುಗಳ ಸಂಖ್ಯೆಯನ್ನೇ ನೆಚ್ಚಿ ಬಾಂಧವ್ಯವನ್ನು ನಿರ್ಧರಿಸುವುದು ಅಪಾಯವೆಂಬುದಕ್ಕೆ ಅವರೇ ಎರಡು ವರ್ಷಗಳ ಮೇಲೆ ನಮ್ಮ ಕಾಡುಕುರಿಯ ದೃಷ್ಟಾಂತವನ್ನು ಒದಗಿಸಿಕೊಟ್ಟರು. ಸಹ್ಯಾದ್ರಿಯ ಕಾಡುಗಳಲ್ಲಿ ನಾಯಿಯಂತೆ ಬೊಗಳುವ ಈ ಪುಟ್ಟ ಜಿಂಕೆಯ ಹೆಣ್ಣಿನಲ್ಲಿ ಆರೇ ವರ್ಣತಂತುಗಳು, ಗಂಡಿನಲ್ಲಿ ಏಳು. ಇದರ ತಂಗಿಯೆನ್ನಬಹುದಾದ ಚೀನದ ಕಾಡುಕುರಿಯಲ್ಲಿ ನಲವತ್ತಾರು!

೧೯೭೩ರಲ್ಲಿ ಲಿಯೋನಾರ್ಡ್ ರಾಡಿನ್ಸ್ಕಿ ಬೇರೊಂದು ದಾರಿ ಹಿಡಿದನು. ಬುರುಡೆಯ ಒಳಗೋಡೆಯ ಮೇಲೆ ಮಿದುಳಿನ ಏರುತಗ್ಗುಗಳ ಮುದ್ರೆ ಬಿದ್ದಿರುತ್ತದೆ. ಖಾಲಿ ಬುರುಡೆಯೊಳಗೆ ಅಚ್ಚು ಹುಯ್ದು ತೆಗೆದರೆ ಎಂದೋ ಕೊಳೆತುಹೋದ ಮಿದುಳಿನ ಆಕಾರ ಕೈಗೆ ಬರುತ್ತದೆ. ಅಂತಹ ಅಚ್ಚುಗಳನ್ನು ಸಾಲಾಗಿಟ್ಟು ನೋಡಿದ ಅವನಿಗೆ ಜಾವಾದ ಪ್ರಾಣಿಯ ಮಿದುಳು ಬ್ಯಾಜರಿನದನ್ನು ಹೋಲದೆ ಸ್ಕಂಕಿನದನ್ನು ಹೋಲುವಂತೆ ಕಂಡಿತು. ಮಧ್ಯಕರ್ಣದ ಮೇಲಿನ ಪೊಳ್ಳು ಎರಡರಲ್ಲಿಯೂ ಪಕ್ಕದ ಶಂಖಾಸ್ಥಿಯೊಳಕ್ಕೆ ಚಾಚಿಕೊಂಡಿದ್ದುದೂ ಆ ಸಂದೇಹವನ್ನು ಬಲಪಡಿಸಿತು. ‘ಈ ಬ್ಯಾಜರುಗಳು ಸ್ಕಂಕುಗಳೆ?’ ಎಂಬರ್ಥದ ಪ್ರಶ್ನೆಯನ್ನೇ ಅವನು ತನ್ನ ಲೇಖನಕ್ಕೆ ಶಿರೋನಾಮೆಯಾಗಿ ಕೊಟ್ಟನು.

ಉತ್ತರ ಬಂದುದು ೧೯೯೭ರಲ್ಲಿ. ಜೆರ್ರಿ ಡ್ರಾಗೂ ಮತ್ತು ರಾಡ್ನಿ ಹನಿಕಟ್ ಎಂಬ ವಿಜ್ಞಾನಿಗಳು ಸ್ಕಂಕು, ಜಾವಾದ ಪ್ರಾಣಿ, ವೀಸಲ್, ನೀರುನಾಯಿ, ಬ್ಯಾಜರ್, ರಕೂನ್ ಮೊದಲಾದವುಗಳ ಮೈಟೊಕಾಂಡ್ರಿಯದಲ್ಲಿರುವ ಡಿ.ಎನ್.ಎ.ಯ ಅಕ್ಷರಾವಳಿಯನ್ನು ಹೋಲಿಸಿ ವಂಶವೃಕ್ಷವನ್ನು ಬರೆದಾಗ, ಜಾವಾದ ಪ್ರಾಣಿ ನೇರವಾಗಿ ಸ್ಕಂಕುಗಳ ಕೊಂಬೆಗೆ ಬಂದು ಕುಳಿತಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೂ ಹೊರಬಿತ್ತು: ವೀಸಲ್ ನೀರುನಾಯಿಗಳಿಗೆ ಸ್ಕಂಕಿಗಿಂತ ರಕೂನೇ ಸಮೀಪದ ಬಂಧು. ರಕೂನನ್ನು ಯಾರೂ ಎಂದೂ ಮಸ್ಟೆಲಿಡೆಯೊಳಗೆ ಸೇರಿಸಿದವರಲ್ಲ. ಇಂತಿರಲು, ದೂರದವನಾದ ಸ್ಕಂಕನ್ನು ಮನೆಯೊಳಗಿಟ್ಟುಕೊಂಡು ಹತ್ತಿರದವನಾದ ರಕೂನನ್ನು ಹೊರಗೆ ನಿಲ್ಲಿಸುವುದು ಸಲ್ಲದು. ಇಲ್ಲವೆ ರಕೂನನ್ನು ಒಳಗೆ ತರಬೇಕು, ಇಲ್ಲವೆ ಸ್ಕಂಕನ್ನು ಹೊರಗೆ ಕಳುಹಬೇಕು. ಅವರು ಎರಡನೆಯದನ್ನು ಆರಿಸಿಕೊಂಡರು. ಹೀಗೆ ಮೆಫೈಟಿಡೆ ಎಂಬ ಸ್ವತಂತ್ರ ಕುಟುಂಬ ನೆಲೆಗೊಂಡಿತು. ಅಮೆರಿಕದ ಮೂರು ಜಾತಿಗಳೂ, ಜಾವಾದ ಪ್ರಾಣಿಯೂ ಅದರ ಸೋದರವಾದ ಪಲವಾನ್ ದ್ವೀಪದ್ದೂ ಸೇರಿದ ಮೈಡಾಸ್ ಜಾತಿಯೂ ಇಂದು ಅದರಲ್ಲಿವೆ. ಮುಂದಿನ ಸಂಶೋಧನೆಗಳು ಈ ನಿರ್ಣಯವನ್ನು ಗಟ್ಟಿಮಾಡಿದುವು. ಮಸ್ಟೆಲಿಡೆ, ರಕೂನುಗಳು, ಸಿಕ್ಕಿಮಿನ ಕಾಡಿನ ಕೆಂಪು ಪಾಂಡ, ಸ್ಕಂಕು ಇವು ನಾಲ್ಕೂ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಕವಲೊಡೆದ ನಾಲ್ಕು ಕುಟುಂಬಗಳೆಂಬುದು ಈಗಿನ ಮತ. ೧೮೨೦ರಲ್ಲಿ ಅಷ್ಟೇನೂ ಪ್ರಮಾಣಗಳಿಲ್ಲದೆ ದೆಮಾರೆ ಆಡಿದ ಮಾತೇ ನಿಜವಾದುದನ್ನು ಕಂಡರೆ, ಕಾರಣ ತಪ್ಪಿದ್ದರೂ ನಿರ್ಣಯ ಸರಿಯಾಗಿರಬಹುದೆಂಬ ತರ್ಕಶಾಸ್ತ್ರದ ಹಳೆಯ ಎಚ್ಚರಿಕೆ ನೆನಪಾಗುತ್ತದೆ.

ಸ್ಕಂಕು ಹೊರಟುಹೋದ ಮೇಲೆ ನಮ್ಮ ತರಕರಡಿಯ ಸ್ಥಿತಿಯೇನು? ಅದು ಮಸ್ಟೆಲಿಡೆಯಲ್ಲಿಯೇ ಉಳಿಯಿತು. ದಕ್ಷಿಣ ಭಾರತದ ಪರ್ಯಾಯದ್ವೀಪದಲ್ಲಿ ಈ ಕುಟುಂಬದವರು ಕೆಲವರೇ: ಮೂರು ಬಗೆಯ ನೀರುನಾಯಿಗಳು, ಸಹ್ಯಾದ್ರಿಯ ದಕ್ಷಿಣಭಾಗದ ನೀಲಗಿರಿ ಮಾರ್ಟಿನ್, ಬಯಲಿನ ತರಕರಡಿ. ನೀರುನಾಯಿಗಳಿಗೆಂದು ತುಂಗಭದ್ರೆಯ ಒಂದು ಭಾಗವನ್ನು ೨೦೧೫ರಲ್ಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ತರಕರಡಿಗೆ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸ್ಥಾನವಿದೆ; ಕಣ್ಣಿಗೆ ಬೀಳುವುದು ಮಾತ್ರ ಎಷ್ಟು ಅಪರೂಪವೆಂದರೆ, ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಕಾವೇರಿ ವನ್ಯಧಾಮದಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ಸೆರೆಯಾದ ಅದರ ಚಿತ್ರಗಳ ವಿವರವನ್ನು ೨೦೧೪ರಲ್ಲಿ ಪ್ರಕಟಿಸಿದುದೇ ವಿದ್ವತ್ ಪತ್ರಿಕೆಗೆ ತಕ್ಕ ಸುದ್ದಿಯಾಯಿತು. ಹೆಣಗಳನ್ನು ತೋಡಿ ತಿನ್ನುವುದೆಂದು ಹಳ್ಳಿಗಳಲ್ಲಿ ಅದಕ್ಕೆ ಅಂಟಿರುವ ಅಪಕೀರ್ತಿ, ನೆಲ ಅಗೆಯುವುದರಲ್ಲಿ ಅದಕ್ಕಿರುವ ಅಸಾಧಾರಣ ಸಾಮರ್ಥ್ಯದಿಂದ ಹುಟ್ಟಿಕೊಂಡಿರಬೇಕು.

ತಲೆಯಿಂದ ಬಾಲದವರೆಗೆ ಮೇಲೆಲ್ಲ ಬೂದುಬಿಳುಪು, ಕೆಳಗೆಲ್ಲ ಕಡುಗಪ್ಪು. ಇಷ್ಟು ಢಾಳಾದ ವೇಷವನ್ನು ಧರಿಸಿ ಯಾವ ಪ್ರಾಣಿಯೂ ಬಚ್ಚಿಟ್ಟುಕೊಳ್ಳಲಾರದು, ಬಚ್ಚಿಟ್ಟುಕೊಳ್ಳುವ ಉದ್ದೇಶವೂ ಅದಕ್ಕಿಲ್ಲ. ಮರಗಳ ಆಸರೆಯಿಲ್ಲದ ಬಯಲಿನಲ್ಲಿ, ಗಿಡ್ಡ ಕಾಲುಗಳಿಂದ ಓಡಿ ತಪ್ಪಿಸಿಕೊಳ್ಳಲಾರದೆ, ರಾತ್ರಿ ತಲೆ ತಗ್ಗಿಸಿ ನೆಲ ಕೆದಕುತ್ತಿರುವ ಪ್ರಾಣಿಗೆ ತೋಳ ಕಿರುಬಗಳಿಂದ ರಕ್ಷಣೆ ಬೇಕಾದರೆ, ತಾನು ಯಾರೆಂಬುದನ್ನು ಕತ್ತಲೆಯಲ್ಲಿಯೂ ದೂರದಿಂದಲೇ ಸಾರಿಹೇಳುವುದು ಒಳ್ಳೆಯ ಉಪಾಯ. ಮಾಂಸಾಹಾರಿಗಳನ್ನೆಲ್ಲ ತುಲನೆಮಾಡಿ ನೋಡಿದ ಸ್ಟಾಂಕೊವಿಚ್, ಕ್ಯಾರೊ ಮೊದಲಾದವರು ೨೦೧೧ರಲ್ಲಿ ಎತ್ತಿತೋರಿಸಿದುದು ಇದನ್ನೇ: ಎದ್ದುಕಾಣುವ ಕಪ್ಪುಬಿಳುಪು, ಸ್ಥೂಲವಾದ ಮೈಕಟ್ಟು, ನಿಶಾಚರ್ಯೆ, ಬಯಲುವಾಸ, ದುರ್ಗಂಧದ ಅಸ್ತ್ರ ಇವು ಬೇರೆಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಜೊತೆಗೂಡಿ ಬಂದಿವೆ. ತರಕರಡಿಯೂ ಸ್ಕಂಕೂ ಒಂದೇ ಕಷ್ಟಕ್ಕೆ ಒಂದೇ ಪರಿಹಾರವನ್ನು ಬೇರೆಬೇರೆಯಾಗಿ ಕಂಡುಕೊಂಡವು. ಹೋಲಿಕೆ ಕಣ್ಣಿಗೆ ಹೊಡೆದು ಕಾಣುವಷ್ಟು ಪ್ರಬಲವಾಗಿದ್ದಾಗಲೇ ಅದರ ಹಿಂದೆ ಜೀವನೋಪಾಯದ ಕೈವಾಡವಿದೆಯೆ ಎಂದು ಶಂಕಿಸಬೇಕಾದುದು ಹೆಚ್ಚು.

ಸ್ಕಂಕಿನ ಕುಟುಂಬದ ಒಂದು ಜಾತಿ ಏಷ್ಯದಲ್ಲಿ, ಉಳಿದುವು ಅಮೆರಿಕದಲ್ಲಿ ಇರುವುದು ಹೇಗೆಂಬ ಪ್ರಶ್ನೆಗೆ ಉತ್ತರ ಜರ್ಮನಿಯ ಸ್ಟೈನ್‌ಹೈಮ್ ಎಂಬಲ್ಲಿ ದೊರೆತ ಪಳೆಯುಳಿಕೆಯಲ್ಲಿತ್ತು. ೧೮೩೯ರಲ್ಲಿಯೇ ಹೆಸರು ಪಡೆದಿದ್ದ ಆ ಬುರುಡೆಯನ್ನು ಮೀಚಿಸ್ಲಾವ್ ವೋಲ್ಸಾನ್ ಎಂಬ ವಿಜ್ಞಾನಿ ಪುನಃ ಪರೀಕ್ಷಿಸಿ, ಒಂದು ಕೋಟಿ ವರ್ಷಗಳಿಗೂ ಹಿಂದಿನ ಸ್ಕಂಕಿನ ಬುರುಡೆಯೇ ಅದೆಂದು ೧೯೯೯ರಲ್ಲಿ ಸಾಧಿಸಿದನು. ಅಂದಮೇಲೆ ಈ ವಂಶದ ತವರು ಹಳೆಯ ಪ್ರಪಂಚವೇ. ಏಷ್ಯವನ್ನೂ ಅಲಾಸ್ಕವನ್ನೂ ಕೂಡಿಸಿದ್ದ ಭೂಸೇತುವೆಯ ಮೇಲೆ ಹಾದು ಅದರ ಒಂದು ಶಾಖೆ ಅಮೆರಿಕವನ್ನು ಸೇರಿ ಅಲ್ಲಿ ಸಮೃದ್ಧವಾಯಿತು, ಇನ್ನೊಂದು ಆಗ್ನೇಯ ಏಷ್ಯದ ದ್ವೀಪಗಳಲ್ಲಿ ಉಳಿಯಿತು. ಅಂತೂ ಆಲಮೇಲದವರಿಗೆ ಸ್ಕಂಕಿನ ಅತ್ಯಂತ ಸಮೀಪದ ಬಿಡಾರ ಬಂಗಾಳಕೊಲ್ಲಿಯ ಆಚೆ ಸುಮಾತ್ರದಲ್ಲಿದೆ.

ಕುಟುಂಬದ ಸಂಗತಿ ಇತ್ಯರ್ಥವಾದರೂ ಪ್ರಭೇದಗಳ ಎಣಿಕೆ ಇನ್ನೂ ನಡೆದಿದೆ, ಅದರಲ್ಲಿಯೂ ಚುಕ್ಕೆಯ ಸ್ಕಂಕುಗಳಲ್ಲಿ. ಅಮೆರಿಕದ ಪೂರ್ವದ ಚುಕ್ಕೆಯ ಸ್ಕಂಕೂ ಪಶ್ಚಿಮದ್ದೂ ನೋಡುವುದಕ್ಕೆ ಎಷ್ಟು ಒಂದೇ ಎಂದರೆ, ಬಹುಕಾಲ ಅವುಗಳನ್ನು ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. ೧೯೬೮ರಲ್ಲಿ ರಾಡ್ನಿ ಮೀಡ್ ಎಂಬಾತನು ಅವುಗಳ ಗರ್ಭಧಾರಣೆಯನ್ನು ಪರಿಶೀಲಿಸಿದಾಗ ಭೇದ ಹೊರಬಿತ್ತು. ಪೂರ್ವದವು ವಸಂತದಲ್ಲಿ, ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಕೂಡುತ್ತವೆ. ಬೇಸಗೆಯ ಮೊದಲಿಗೆ ಮರಿಹಾಕುತ್ತವೆ. ಪಶ್ಚಿಮದವು ಕೂಡುವುದು ಸೆಪ್ಟೆಂಬರಿನಲ್ಲಿ. ಆದರೆ ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳದೆ, ಬೆಳೆಯದೆ, ಸುಮಾರು ಆರು ತಿಂಗಳು ಹಾಗೆಯೇ ತೇಲುತ್ತಿದ್ದು, ಚಳಿಗಾಲ ಕಳೆದ ಮೇಲೆ ನಾಟಿ ಬೆಳೆದು, ಅದೂ ಏಪ್ರಿಲ್ ಮೇ ಸುಮಾರಿಗೆ ಜನಿಸುತ್ತದೆ. ಪೂರ್ವದ್ದಕ್ಕೆ ಬೆದೆಯ ಕಾಲವಾದಾಗ ಪಶ್ಚಿಮದ್ದು ಗರ್ಭಿಣಿ. ಚುಕ್ಕೆಗಳ ಸಂಖ್ಯೆಯಲ್ಲಾಗಲಿ ಹಲ್ಲುಗಳಲ್ಲಾಗಲಿ ಕಾಣದ ಬೇಲಿ ಪಂಚಾಂಗದಲ್ಲಿತ್ತು. ಬಳಿಕ ೨೦೨೧ರಲ್ಲಿ ಮಾಲಿ ಮೆಕ್‌ಡನೊ ಮತ್ತು ಸಂಗಡಿಗರು ಸಂಗ್ರಹಾಲಯಗಳ ಹಳೆಯ ಚರ್ಮಗಳಿಂದಲೂ ಡಿ.ಎನ್.ಎ. ತೆಗೆದು ಹೋಲಿಸಿ, ನಾಲ್ಕೆಂದು ಎಣಿಸುತ್ತಿದ್ದ ಚುಕ್ಕೆಯ ಸ್ಕಂಕುಗಳನ್ನು ಏಳೆಂದು ಗುರುತಿಸಿದರು. ಹೊಸದಾಗಿ ಎಣಿಕೆಗೆ ಬಂದವುಗಳಿಗೂ ಹೊಸ ಹೆಸರಿಡುವ ಪ್ರಮೇಯ ಬರಲಿಲ್ಲ; ಹಿಂದಿನ ಪ್ರಾಣಿಶಾಸ್ತ್ರಜ್ಞರು ಕೊಟ್ಟು, ಅನಂತರದವರು ಅನಗತ್ಯವೆಂದು ಹೊಡೆದುಹಾಕಿದ್ದ ಇಂಟರಪ್ಟ, ಲ್ಯೂಕೊಪೇರಿಯ ಮೊದಲಾದ ಹೆಸರುಗಳೇ ಮತ್ತೆ ಚಾಲ್ತಿಗೆ ಬಂದುವು.